ಒಂದೇ ಬುಡಕಟ್ಟು, ಮೂರು ಮತ: ಉತ್ತರ ಕನ್ನಡದ ಸಿದ್ದಿಯರು

ಮುಂಡಗೋಡ ತಾಲ್ಲೂಕಿನ ಸಂತೆಗೆ ಹೋಗಿಬಂದವರಿಗೆ ಒಂದು ವಿಷಯ ಮನಸ್ಸಿನಲ್ಲಿ ಉಳಿದಿರುತ್ತದೆ. ಜಗತ್ತಿನ ಎಷ್ಟು ಬಗೆಯ ಮುಖಗಳು ಆ ಸಣ್ಣ ಊರಿನಲ್ಲಿ ಎದುರಾಗುತ್ತವೆ! ಅಡಿಕೆ ತೋಟಗಳ ಹವ್ಯಕರು, ಬಯಲುಸೀಮೆಯ ಅಂಚಿನಿಂದ ಬಂದ ಲಿಂಗಾಯತ ರೈತರು, ಎಮ್ಮೆ ಸಾಕಿ ಬದುಕುವ ಗೌಳಿಗರು, 1966ರಲ್ಲಿ ಸ್ಥಾಪನೆಯಾದ ಪುನರ್ವಸತಿ ಶಿಬಿರದ ಟಿಬೆಟನ್ನರು. ಇವರೆಲ್ಲರ ನಡುವೆ, ಇವರಲ್ಲಿ ಬಹಳ ಜನ ಮಾತನಾಡುವುದಕ್ಕಿಂತ ಸ್ವಚ್ಛವಾಗಿ ಈ ನೆಲದ ಕನ್ನಡವನ್ನೂ ಕೊಂಕಣಿಯನ್ನೂ ಆಡುವ, ಗುಂಗುರು ಕೂದಲಿನ ಕಪ್ಪು ಜನರೂ ಇದ್ದಾರೆ. ಅವರೇ ಸಿದ್ದಿಯರು. ಹೊರಗಿನಿಂದ ಬಂದ ಪ್ರವಾಸಿಗ ಅವರನ್ನೇ ಮೊದಲು ಕೇಳುತ್ತಾನೆ, "ನೀವು ಯಾವ ದೇಶದವರು?" ಎಂದು. ಅಲ್ಲಿ ನೆರೆದವರ ಪೈಕಿ ಆ ಪ್ರಶ್ನೆಗೆ ಅತ್ಯಂತ ಅನರ್ಹರಾದವರು ಬಹುಶಃ ಅವರೇ. ಅವರ ಪೂರ್ವಜರು ಈ ಕಾಡಿಗೆ ಬಂದು ಶತಮಾನಗಳೇ ಸಂದಿವೆ.

ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ, ಶಿರಸಿ ತಾಲ್ಲೂಕುಗಳ ಕಾಡಂಚಿನ ಹಳ್ಳಿಗಳಲ್ಲಿ, ನೆರೆಯ ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಕೆಲವು ಊರುಗಳಲ್ಲಿ ಇವರು ಚದುರಿಕೊಂಡಿದ್ದಾರೆ. 2011ರ ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ ಇವರ ಸಂಖ್ಯೆ ಹತ್ತು ಸಾವಿರದ ಆಸುಪಾಸು. ಗುಜರಾತಿನಲ್ಲಿಯೂ ಸಾವಿರಾರು ಜನ ಸಿದ್ದಿಯರಿದ್ದಾರೆ. ಆದರೆ ಅಲ್ಲಿಯವರು ಹೆಚ್ಚುಕಡಿಮೆ ಎಲ್ಲರೂ ಮುಸ್ಲಿಮರು. ನಮ್ಮ ಸಿದ್ದಿಯರಲ್ಲಿ ಹಿಂದೂಗಳೂ ಕ್ರೈಸ್ತರೂ ಮುಸ್ಲಿಮರೂ ಇದ್ದಾರೆ. ಇಷ್ಟು ಪುಟ್ಟದಾದ ಒಂದು ಜನಾಂಗ ಮೂರು ಮತಗಳಲ್ಲಿ ಹಂಚಿಹೋದದ್ದು ಹೇಗೆ, ಹಂಚಿಹೋದ ಮೇಲೂ ಒಂದೇ ಆಗಿ ಉಳಿದದ್ದು ಹೇಗೆ ಎಂಬುದು ಈ ಲೇಖನದ ವಿಚಾರ. ಕಾರವಾರ ಧರ್ಮಪ್ರಾಂತ್ಯದ ಅನೇಕ ಧರ್ಮಕೇಂದ್ರಗಳಲ್ಲಿ ಅವರು ನಮ್ಮೊಡನೆ ಒಂದೇ ಬಲಿಪೀಠದ ಮುಂದೆ ಮೊಣಕಾಲೂರುವವರಾದ್ದರಿಂದ ಈ ಇತಿಹಾಸ ನಮ್ಮ ಮನೆಯದೂ ಹೌದು.

ಮೊದಲು ಹೆಸರು. ‘ಸಿದ್ದಿ’ ಎಂಬುದು ಅರಬ್ಬೀ ಭಾಷೆಯ ‘ಸಯ್ಯಿದಿ’ ಎಂಬುದರಿಂದ ಬಂದಿರಬೇಕೆಂದು ವಿದ್ವಾಂಸರು ಹೇಳುತ್ತಾರೆ. ‘ನನ್ನ ಒಡೆಯ’ ಎಂದು ಅದರ ಅರ್ಥ. ಗುಲಾಮರಾಗಿ ಬಂದವರ ಹೆಸರಿನಲ್ಲೇ ಒಡೆತನದ ಪದವಿದೆ! ಇನ್ನೊಂದು ಹೆಸರು ‘ಹಬಶಿ’. ಅದು ಇಥಿಯೋಪಿಯದ ಹಳೆಯ ಹೆಸರಾದ ಅಬಿಸೀನಿಯಕ್ಕೆ ಸಂಬಂಧಿಸಿದ್ದು. ಪೋರ್ಚುಗೀಸರು ಕರೆಯುತ್ತಿದ್ದ ‘ಕಾಫ್ರೆ’ ಎಂಬ ಪದ ಕೊಂಕಣಿಯಲ್ಲಿ ‘ಖಾಪ್ರಿ’ಯಾಯಿತು. ಕಾರವಾರದ ಕಾಳಿ ನದಿಯ ಕಡೆ ಖಾಪ್ರಿ ದೇವರೆಂದು ಪೂಜೆಗೊಳ್ಳುವ ಒಂದು ದೈವವಿದೆ. ಸೇದುವ ಸಿಗರೇಟು, ಮದ್ಯ, ಮೇಣದಬತ್ತಿಗಳೇ ಅಲ್ಲಿಯ ಹರಕೆ. ಬದುಕಿರುವ ಖಾಪ್ರಿಯನ್ನು ಪಂಕ್ತಿಯಲ್ಲಿ ಕೂರಿಸದ ಕರಾವಳಿಯು ಸತ್ತ ಖಾಪ್ರಿಯನ್ನು ದೇವರಾಗಿಸಿ ಕೈಮುಗಿಯಿತು. ಇಂಥ ವಿಚಿತ್ರಗಳು ನಮ್ಮ ನಾಡಿನಲ್ಲಿ ಅಪರೂಪವೇನಲ್ಲ.

ಆಫ್ರಿಕದ ಜನ ದಖ್ಖಣಕ್ಕೆ ಬಂದದ್ದು ಎರಡು ದಾರಿಗಳಲ್ಲಿ. ಒಂದು ದಾರಿ ಅರಮನೆಗಳಿಗೆ ಹೋಯಿತು. ಇಥಿಯೋಪಿಯದಲ್ಲಿ ಹುಟ್ಟಿ, ಹಲವು ಬಾರಿ ಮಾರಾಟವಾಗಿ, ಕೊನೆಗೆ ಅಹಮದ್‌ನಗರದ ರಾಜ್ಯವನ್ನೇ ನಡೆಸಿದ ಮಲಿಕ್ ಅಂಬರ್ (1548-1626) ಮೊಗಲರ ದೊಡ್ಡ ಸೈನ್ಯವನ್ನು ವರ್ಷಗಟ್ಟಲೆ ತಡೆದು ನಿಲ್ಲಿಸಿದವನು. ನಮ್ಮ ವಿಜಾಪುರದಲ್ಲಿಯೇ ಮುಹಮ್ಮದ್ ಆದಿಲ್ ಶಾಹನ ಕಾಲದಲ್ಲಿ ಇಖ್ಲಾಸ್ ಖಾನ್ ಎಂಬ ಹಬಶಿ ಮಂತ್ರಿಯಾಗಿದ್ದ. ಜಂಜೀರದ ಜಲದುರ್ಗವನ್ನು ಆಳಿದ ಸಿದ್ದಿಯರನ್ನು ಶಿವಾಜಿಯೂ ಗೆಲ್ಲಲಾಗಲಿಲ್ಲ. ಶಾಲೆಯ ಪುಸ್ತಕಗಳಲ್ಲಿ ಸಿದ್ದಿಯರ ಬಗ್ಗೆ ಏನಾದರೂ ಇದ್ದರೆ ಅದು ಈ ಒಡೆಯರ ಕಥೆ. ಯಲ್ಲಾಪುರದ ಕಾಡಿನವರ ಕಥೆ ಬೇರೆ. ಅವರಲ್ಲಿ ಹೆಚ್ಚಿನವರ ಪೂರ್ವಜರು ಬಂದದ್ದು ಎರಡನೆಯ ದಾರಿಯಲ್ಲಿ, ಗೋವೆಯ ಮೂಲಕ.

ಆಫ್ರಿಕದ ಮೊಜಾಂಬಿಕ್ ಮತ್ತು ಗೋವೆಯ ಸಂಬಂಧ ಎಷ್ಟು ಹತ್ತಿರದ್ದೆಂದರೆ, 1752ರವರೆಗೆ ಮೊಜಾಂಬಿಕದ ಆಡಳಿತ ನಡೆಯುತ್ತಿದ್ದುದೇ ಗೋವೆಯಿಂದ. ದಂತ, ಚಿನ್ನ ತುಂಬಿದ ಹಡಗುಗಳಲ್ಲಿ ಮನುಷ್ಯರನ್ನೂ ತುಂಬಿ ತರಲಾಗುತ್ತಿತ್ತು. 1583ರಿಂದ ಕೆಲವು ವರ್ಷ ಗೋವೆಯಲ್ಲಿದ್ದ ಲಿನ್ಸ್‌ಕೋಟೆನ್ ಎಂಬ ಡಚ್ಚನು ತಾನು ಕಂಡದ್ದನ್ನು 1596ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಬರೆದಿಟ್ಟಿದ್ದಾನೆ. ಗೋವೆಯ ಮುಖ್ಯ ಬೀದಿಯಲ್ಲಿ ಪ್ರತಿದಿನ ಬೆಳಗಿನ ಹೊತ್ತು ಹರಾಜು ನಡೆಯುತ್ತಿತ್ತು. ಕುದುರೆ, ಬಟ್ಟೆ, ಆಭರಣಗಳ ಜೊತೆಯಲ್ಲಿ ಗಂಡಸರು, ಹೆಂಗಸರು, ಮಕ್ಕಳೂ ಅಲ್ಲಿ ಮಾರಾಟಕ್ಕಿದ್ದರು. ಈ ಲಿನ್ಸ್‌ಕೋಟೆನ್ ಗೋವೆಯಲ್ಲಿ ಯಾವ ಕೆಲಸದಲ್ಲಿದ್ದ ಎಂಬುದನ್ನೂ ಓದುಗರು ತಿಳಿಯಬೇಕು. ಅವನು ಗೋವೆಯ ಮಹಾಧರ್ಮಾಧ್ಯಕ್ಷರ ಕಾರ್ಯದರ್ಶಿಯಾಗಿದ್ದ. ಹರಾಜಿನ ಬೀದಿಗೂ ಮಹಾಧರ್ಮಾಧ್ಯಕ್ಷರ ನಿವಾಸಕ್ಕೂ ಇದ್ದ ದೂರ ಬಹಳವಲ್ಲ.

ಈ ವಿಷಯದಲ್ಲಿ ನಾವು ಕಣ್ಣು ತಪ್ಪಿಸಬಾರದು. ಗೋವೆಯ ಶ್ರೀಮಂತರ ಮನೆಗಳಲ್ಲಿ ಮಾತ್ರ ಗುಲಾಮರಿದ್ದರೆಂದಲ್ಲ. ಸನ್ಯಾಸಿಗಳ ಮಠಗಳಲ್ಲೂ ಕನ್ಯಾಸ್ತ್ರೀಯರ ಮಠಗಳಲ್ಲೂ ಇದ್ದರು. 1567ರಲ್ಲಿ ಗೋವೆಯಲ್ಲಿ ಸೇರಿದ ಮೊದಲ ಪ್ರಾಂತೀಯ ಧರ್ಮಸಮ್ಮೇಳನ ಗುಲಾಮಗಿರಿಯ ಪ್ರಶ್ನೆಯನ್ನು ಚರ್ಚಿಸಿತು. ಯಾವ ರೀತಿ ಸೆರೆಯಾದವನನ್ನು ಗುಲಾಮನಾಗಿ ಇಟ್ಟುಕೊಳ್ಳುವುದು ನ್ಯಾಯ, ಯಾವುದು ಅನ್ಯಾಯ ಎಂದು ಅಳೆದು ನೋಡಿತು. ಆದರೆ ಮನುಷ್ಯನನ್ನು ಕೊಳ್ಳುವುದೇ ಅನ್ಯಾಯ ಎಂದು ಹೇಳಲಿಲ್ಲ. 1537ರಲ್ಲಿ ಮೂರನೆಯ ಪಾವ್ಲ್ ಜಗದ್ಗುರುಗಳು ಅಮೆರಿಕದ ಮೂಲನಿವಾಸಿಗಳನ್ನು ಗುಲಾಮರನ್ನಾಗಿಸಬಾರದೆಂದು ಸಾರಿದ್ದರು. ಆಫ್ರಿಕನ್ನರ ಗುಲಾಮ ವ್ಯಾಪಾರವನ್ನು ಹದಿನಾರನೆಯ ಗ್ರೆಗರಿ ಜಗದ್ಗುರುಗಳು ಸ್ಪಷ್ಟವಾಗಿ ಖಂಡಿಸಿದ್ದು 1839ರಲ್ಲಿ. ಇವೆರಡರ ನಡುವೆ ಮುನ್ನೂರು ವರ್ಷಗಳು! ಸಂತ ಪೌಲನು ಫಿಲೆಮೋನನಿಗೆ ಬರೆದ ಚಿಕ್ಕ ಪತ್ರವನ್ನು ಆ ಮುನ್ನೂರು ವರ್ಷವೂ ಗೋವೆಯ ದೇವಾಲಯಗಳಲ್ಲಿ ಓದಿರಲೇಬೇಕು. ಓಡಿಹೋದ ಗುಲಾಮ ಒನೇಸಿಮನನ್ನು ಪೌಲನು ಹಿಂದಕ್ಕೆ ಕಳುಹಿಸುವುದು ಸಹೋದರನೆಂದು ಸ್ವೀಕರಿಸಲು, ಗುಲಾಮನೆಂದು ಅಲ್ಲ. ಗೋವೆಯಿಂದ ಓಡಿಹೋದವರನ್ನು ಹಾಗೆ ಕರೆಸಿಕೊಂಡವರು ಇದ್ದಂತೆ ಕಾಣುವುದಿಲ್ಲ.

ಓಡಿಹೋದವರು ಎಲ್ಲಿಗೆ ಹೋಗಬೇಕು? ಗೋವೆಯ ಪಶ್ಚಿಮಕ್ಕೆ ಸಮುದ್ರ. ಪೂರ್ವಕ್ಕೂ ದಕ್ಷಿಣಕ್ಕೂ ಸಹ್ಯಾದ್ರಿಯ ಕಾಡು. ಆ ಕಾಡು ಪೋರ್ಚುಗೀಸರದಲ್ಲ, ಬಹುಕಾಲ ಸೋಂದೆಯ ಅರಸರದು. ಹೈದರಾಲಿಯ ದಂಡಯಾತ್ರೆಯಿಂದ 1763ರಲ್ಲಿ ಸೋಂದೆಯ ಅರಸ ಗೋವೆಗೆ ಓಡಿದ. ಗೋವೆಯ ಗುಲಾಮರು ಅದೇ ದಾರಿಯಲ್ಲಿ ಎದುರು ದಿಕ್ಕಿಗೆ ಓಡುತ್ತಿದ್ದರು. 1799ರಲ್ಲಿ ಕೆನರಾ ಇಂಗ್ಲಿಷರ ಕೈಸೇರಿತು. 1843ರ ಕಾನೂನು ಇಂಗ್ಲಿಷ್ ಕಂಪನಿಯ ಆಡಳಿತದ ಭಾರತದಲ್ಲಿ ಗುಲಾಮಗಿರಿಗೆ ನ್ಯಾಯಾಲಯದ ಮಾನ್ಯತೆಯನ್ನು ತೆಗೆದುಹಾಕಿತು. ಪೋರ್ಚುಗೀಸರು 1836ರಲ್ಲಿ ಗುಲಾಮ ವ್ಯಾಪಾರವನ್ನು ನಿಷೇಧಿಸಿದರೂ ಗುಲಾಮಗಿರಿಯನ್ನೇ ತಮ್ಮ ವಸಾಹತುಗಳಲ್ಲಿ ರದ್ದುಗೊಳಿಸಿದ್ದು 1869ರಲ್ಲಿ. ಅಂದರೆ ಇಪ್ಪತ್ತಾರು ವರ್ಷಗಳ ಕಾಲ ಒಂದು ಘಟ್ಟವನ್ನು ಹತ್ತಿ ಇಳಿದರೆ ಕಾನೂನಿನ ಕಣ್ಣಿನಲ್ಲಿ ಮನುಷ್ಯನ ಸ್ಥಿತಿಯೇ ಬದಲಾಗುತ್ತಿತ್ತು. ಆದರೆ ಕಾನೂನನ್ನು ಓದಿಕೊಂಡು ಯಾರೂ ಕಾಡಿಗೆ ಓಡಲಿಲ್ಲ. ಹುಲಿಯಿದ್ದ, ಮಲೇರಿಯಾ ಇದ್ದ, ಹಾದಿಯಿಲ್ಲದ ಆ ಕಾಡೇ ಅವರಿಗೆ ಆಶ್ರಯ. ಬೇರೆಯವರು ಹೋಗಲಂಜುವ ಜಾಗವೇ ಅವರಿಗೆ ಕ್ಷೇಮದ ಜಾಗವಾಯಿತು. 1883ರಲ್ಲಿ ಪ್ರಕಟವಾದ ಮುಂಬಯಿ ಪ್ರಾಂತ್ಯದ ಗೆಝೆಟಿಯರಿನ ಕೆನರಾ ಸಂಪುಟದಲ್ಲಿ ಸಿದ್ದಿಯರು ಆಗಲೇ ಈ ಜಿಲ್ಲೆಯ ಜನವರ್ಗಗಳಲ್ಲಿ ಒಬ್ಬರಾಗಿ ಕಾಣಿಸಿಕೊಳ್ಳುತ್ತಾರೆ.

ಅವರು ತಮ್ಮೊಡನೆ ಏನು ತಂದರು? ಭಾಷೆಯನ್ನು ತರಲಾಗಲಿಲ್ಲ. ಪೂರ್ವ ಆಫ್ರಿಕದ ಬೇರೆ ಬೇರೆ ಕುಲಗಳಿಂದ ಹಿಡಿದು ತಂದವರನ್ನು ಒಂದೇ ಮನೆಯಲ್ಲಿ ದುಡಿಸಿದಾಗ ಅವರು ಪರಸ್ಪರ ಮಾತನಾಡಬೇಕಾದದ್ದು ಒಡೆಯನ ಮನೆಯ ಕೊಂಕಣಿಯಲ್ಲಿ. ಇಂದಿಗೂ ಕ್ರೈಸ್ತ ಮತ್ತು ಹಿಂದೂ ಸಿದ್ದಿಯರ ಮನೆಮಾತು ಬಹುಮಟ್ಟಿಗೆ ಒಂದು ಬಗೆಯ ಕೊಂಕಣಿ. ಮುಸ್ಲಿಂ ಸಿದ್ದಿಯರದು ಉರ್ದು. ಹೆಸರನ್ನೂ ತರಲಾಗಲಿಲ್ಲ. ಗುಲಾಮನಿಗೆ ದೀಕ್ಷಾಸ್ನಾನ ಕೊಡಿಸುವುದು ಒಡೆಯನ ಕರ್ತವ್ಯವೆಂದು ಎಣಿಸಲಾಗಿತ್ತು. ತಾಯಿ ಇಟ್ಟ ಹೆಸರು ಅಲ್ಲಿಗೆ ಕಳೆದು ಜುಜೆ, ಮಿಂಗೆಲ್, ಪೆದ್ರು, ಬಸ್ತ್ಯಾಂವ್, ಅಂತೋನ್, ರೋಜಾ ಎಂಬ ಸಂತರ ಹೆಸರುಗಳು ಬಂದವು. ಇಂದಿಗೂ ಹಳಿಯಾಳದ ಕಡೆಯ ಕ್ರೈಸ್ತ ಸಿದ್ದಿಯರ ಮನೆಗಳಲ್ಲಿ ಈ ಹೆಸರುಗಳು ಕೇಳಿಬರುತ್ತವೆ. ಆ ಸಂತರ ಹೆಸರನ್ನು ಇಟ್ಟುಕೊಂಡು ಕಾಡಿಗೆ ಓಡಿದವರು ಅದನ್ನು ಕಿತ್ತೆಸೆಯಲಿಲ್ಲ ಎಂಬುದು ನನಗೆ ಆಶ್ಚರ್ಯದ ಸಂಗತಿ. ಒಡೆಯನನ್ನು ಬಿಟ್ಟರು, ಒಡೆಯ ಕೊಡಿಸಿದ ದೀಕ್ಷಾಸ್ನಾನವನ್ನು ಬಿಡಲಿಲ್ಲ. ಹತ್ತಿರದಲ್ಲಿ ಗುರುಗಳಿಲ್ಲದ, ದೇವಾಲಯವಿಲ್ಲದ ತಲೆಮಾರುಗಳನ್ನು ದಾಟಿ ಅವರ ವಿಶ್ವಾಸ ಬಂದಿದೆ. ಅದು ಬಲವಂತದ ಫಲವಷ್ಟೇ ಆಗಿದ್ದರೆ ಬಲವಂತ ಮಾಡುವವನು ಕಣ್ಮರೆಯಾದ ದಿನವೇ ಉದುರಿಹೋಗಬೇಕಿತ್ತು.

ಉಳಿದ ಎರಡು ಮತಗಳ ಕಥೆಯೂ ಆಶ್ರಯದ ಕಥೆಯೇ. ವಿಜಾಪುರದ ಆದಿಲ್ ಶಾಹಿಯ ಪ್ರಭಾವಕ್ಕೆ, ಮುಸ್ಲಿಂ ಒಡೆಯರ ನೆರಳಿಗೆ ಸೇರಿದವರು ಮುಸ್ಲಿಮರಾದರು. ಯಲ್ಲಾಪುರ, ಅಂಕೋಲಾ ಕಡೆಯ ತೋಟಗಳಲ್ಲಿ ತಲೆಮಾರುಗಟ್ಟಲೆ ದುಡಿದವರು ಆ ಪರಿಸರದ ಹಬ್ಬ, ಹರಕೆ, ಹೆಸರುಗಳನ್ನು ತಮ್ಮದಾಗಿಸಿಕೊಂಡರು. ಸ್ಥೂಲವಾಗಿ ಹೇಳುವುದಾದರೆ ಹಿಂದೂ ಸಿದ್ದಿಯರು ಯಲ್ಲಾಪುರ ಮತ್ತು ಅಂಕೋಲಾಗಳಲ್ಲಿ, ಕ್ರೈಸ್ತರೂ ಮುಸ್ಲಿಮರೂ ಹಳಿಯಾಳ ಮತ್ತು ಮುಂಡಗೋಡಗಳ ಕಡೆ ಹೆಚ್ಚು. ಗೆರೆ ಎಳೆದಂತೆ ಅಲ್ಲ. ಒಂದೇ ಊರಿನಲ್ಲಿ ಎರಡು ಮತದವರು ಇರುವುದೂ ಉಂಟು.

ಇನ್ನು ಅವರನ್ನು ಒಂದಾಗಿಟ್ಟ ಸಂಗತಿಗಳು. ಮೂರೂ ಮತಗಳ ಸಿದ್ದಿಯರಲ್ಲಿ ‘ಹಿರಿಯರ’ ಸ್ಮರಣೆ ಇದೆ. ಮನೆಯ ಒಂದು ಮೂಲೆಯಲ್ಲಿ ತೆಂಗಿನಕಾಯಿಯನ್ನು ಹಿರಿಯರ ಗುರುತಾಗಿ ಇಟ್ಟು, ಸತ್ತವರಿಗೆ ಎಡೆಯಿಡುವ ಸಂಪ್ರದಾಯವದು. ಹೆಸರನ್ನೂ ಊರನ್ನೂ ಕಳೆದುಕೊಂಡ ಜನ ‘ಹಿರಿಯರು’ ಎಂಬ ಒಂದೇ ಪದದಲ್ಲಿ ಎಲ್ಲರನ್ನೂ ಸೇರಿಸಿಟ್ಟುಕೊಂಡಂತೆ ತೋರುತ್ತದೆ. ಸಕಲ ಆತ್ಮಗಳ ದಿನದಂದು ಸಮಾಧಿಗಳಿಗೆ ದೀಪವಿಡುವ ನಮಗೆ ಅದು ಅರ್ಥವಾಗದ ಭಾವನೆಯೇನಲ್ಲ. ಎರಡನೆಯದು ದಮಾಮಿ. ಚರ್ಮದ ವಾದ್ಯವನ್ನು ಬಡಿಯುತ್ತಾ, ಹಾಡುತ್ತಾ ಗಂಡಸರೂ ಹೆಂಗಸರೂ ಕುಣಿಯುವ ಈ ಕುಣಿತಕ್ಕೆ ಮತದ ಕಟ್ಟಿಲ್ಲ. ಮದುವೆ ಚರ್ಚಿನಲ್ಲಾಗಲಿ, ಮನೆಯ ಚಪ್ಪರದಲ್ಲಾಗಲಿ, ಸಂಜೆಯ ದಮಾಮಿ ಒಂದೇ.

ಮೂರನೆಯದು ಕವಂದಿ. ನಮ್ಮ ಕಡೆಯ ಕೌದಿಯನ್ನು ನೋಡಿದವರಿಗೆ ಇದು ಹೊಸದಲ್ಲ, ಆದರೆ ಸಿದ್ದಿ ಹೆಂಗಸರ ಕವಂದಿಗೆ ಅದರದೇ ಕ್ರಮವಿದೆ. ಹಳೆಯ ಸೀರೆಯನ್ನು ತಳಕ್ಕೆ ಹಾಸಿ, ಹರಿದ ಬಟ್ಟೆಯ ತುಂಡುಗಳನ್ನು ಅಂಚಿನಿಂದ ಜೋಡಿಸುತ್ತಾ, ಸುತ್ತು ಸುತ್ತಾಗಿ ಹೊಲಿಯುತ್ತಾ ನಡುವಿನವರೆಗೆ ಬರುತ್ತಾರೆ. ಮೊದಲೇ ಬರೆದುಕೊಂಡ ನಕ್ಷೆಯಿರುವುದಿಲ್ಲ. ಕ್ರೈಸ್ತ ಹೆಂಗಸು ಹೊಲಿದದ್ದರಲ್ಲಿ ಶಿಲುಬೆ, ಮುಸ್ಲಿಂ ಹೆಂಗಸು ಹೊಲಿದದ್ದರಲ್ಲಿ ಅರ್ಧಚಂದ್ರ ಕಾಣಿಸಿಕೊಳ್ಳಬಹುದು. ಆದರೆ ಎಲ್ಲರ ಕವಂದಿಗೂ ನಾಲ್ಕು ಮೂಲೆಗಳಲ್ಲಿ ಮಡಿಸಿದ ತ್ರಿಕೋನದ ಬಟ್ಟೆಗಳಿರಲೇಬೇಕು. ಅವನ್ನು ಹೂವು ಎನ್ನುತ್ತಾರೆ. ಹೂವಿಲ್ಲದ ಕವಂದಿ ಬೆತ್ತಲೆ ಎಂಬುದು ಅವರ ಮಾತು. ಹೆನ್ರಿ ಡ್ರೂಯಲ್ ಎಂಬ ಅಮೆರಿಕದ ಕಲಾ ಇತಿಹಾಸಕಾರರು ಈ ಕವಂದಿಗಳನ್ನು ಅಧ್ಯಯನ ಮಾಡಿದ್ದಾರೆ. ಅವು ಈಗ ಹೊರದೇಶಗಳ ಪ್ರದರ್ಶನಗಳಲ್ಲೂ ಗೋಡೆಯ ಮೇಲೆ ತೂಗಿವೆ. ಹೊಲಿದ ಅಜ್ಜಿಯರಿಗೆ ಇದು ತಮಾಷೆಯಾಗಿ ಕಂಡಿದ್ದರೆ ಆಶ್ಚರ್ಯವಿಲ್ಲ. ಅವರು ಹೊಲಿದದ್ದು ಮಳೆಗಾಲದ ರಾತ್ರಿ ಮೊಮ್ಮಕ್ಕಳಿಗೆ ಹೊದಿಸಲು.

ರಕ್ತದ ವಿಷಯಕ್ಕೆ ಬರೋಣ. 2011ರಲ್ಲಿ ಹೈದರಾಬಾದಿನ ಸೆಲ್ಯುಲಾರ್ ಮತ್ತು ಮಾಲಿಕ್ಯುಲಾರ್ ಬಯಾಲಜಿ ಕೇಂದ್ರದ ವಿಜ್ಞಾನಿಗಳು ಕರ್ನಾಟಕ ಮತ್ತು ಗುಜರಾತಿನ ಸಿದ್ದಿಯರ ವಂಶವಾಹಿಗಳ ಅಧ್ಯಯನವೊಂದನ್ನು ಪ್ರಕಟಿಸಿದರು. ಸಿದ್ದಿಯರ ಮೂಲದಲ್ಲಿ ಹೆಚ್ಚಿನ ಪಾಲು ಆಫ್ರಿಕದ ಬಂಟು ಭಾಷೆಗಳನ್ನಾಡುವ ಜನರದು. ಉಳಿದದ್ದು ಬಹುಪಾಲು ಭಾರತೀಯರದು. ಸ್ವಲ್ಪ ಯೂರೋಪಿಯನ್, ಬಹುಶಃ ಪೋರ್ಚುಗೀಸ್ ಅಂಶವೂ ಇದೆ. ಈ ಬೆರಕೆ ಸುಮಾರು ಇನ್ನೂರು ವರ್ಷಗಳ, ಎಂದರೆ ಎಂಟು ತಲೆಮಾರುಗಳ ಹಿಂದಿನದೆಂದು ಅವರು ಲೆಕ್ಕ ಹಾಕಿದರು. ಆ ಯೂರೋಪಿಯನ್ ಅಂಶ ಹೇಗೆ ಬಂದಿರಬೇಕೆಂದು ಗುಲಾಮಗಿರಿಯ ಇತಿಹಾಸ ಬಲ್ಲವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅದರಲ್ಲಿ ಹೆಣ್ಣಿನ ಸಮ್ಮತಿಯನ್ನು ಯಾರೂ ಕೇಳಿರಲಾರರು. ಅದೇ ವರ್ಷದ ಇಂಥ ಅಧ್ಯಯನಗಳಲ್ಲಿ ಕಂಡುಬಂದ ಇನ್ನೊಂದು ಅಂಶ ನಮ್ಮ ಸಮಾಜವನ್ನೇ ಕುರಿತದ್ದು. ನೆರೆಯ ಭಾರತೀಯ ಜನವರ್ಗಗಳ ವಂಶವಾಹಿಗಳು ಸಿದ್ದಿಯರಲ್ಲಿ ಬೆರೆತಿವೆ, ಆದರೆ ಸಿದ್ದಿಯರದು ನೆರೆಯವರಲ್ಲಿ ಬೆರೆತಂತಿಲ್ಲ. ಹೊರಗಿನಿಂದ ಸಿದ್ದಿಯರ ಮನೆಗೆ ಬಂದವರನ್ನು ಅವರು ತಮ್ಮವರೆಂದು ಒಳಗೆ ಕರೆದುಕೊಂಡರು. ಸಿದ್ದಿಯರ ಮಕ್ಕಳನ್ನು ಹೊರಗಿನವರು ಕರೆದುಕೊಳ್ಳಲಿಲ್ಲ. ಒಂದೇ ದೇವಾಲಯದಲ್ಲಿ ಪ್ರಸಾದ ಸ್ವೀಕರಿಸಿದವರೂ ಸಂಬಂಧ ಬೆಳೆಸುವಾಗ ಬೇರೆಯೇ ಆಗಿದ್ದರೆಂಬುದಕ್ಕೆ ಇದಕ್ಕಿಂತ ಬಲವಾದ ಸಾಕ್ಷಿ ಬೇಕೇ?

ಕಾಡು ಕೊಟ್ಟ ಸ್ವಾತಂತ್ರ್ಯವೂ ಪೂರ್ಣವಾಗಿರಲಿಲ್ಲ. ಇಂಗ್ಲಿಷರ ಕಾಲದಲ್ಲಿ ಕಾಡು ಸರಕಾರದ ಸ್ವತ್ತಾಯಿತು. ಕಾಡು ಕಡಿದು, ಸುಟ್ಟು ಬಿತ್ತುವ ಕುಮರಿ ಬೇಸಾಯಕ್ಕೆ ನಿರ್ಬಂಧ ಬಂತು. ಜೇನು, ಗೆಡ್ಡೆ, ಸೌದೆಗಳ ಮೇಲೆಯೇ ಬದುಕು ಸಾಗದಾದಾಗ ತೋಟದ ಕೂಲಿ, ಕೂಲಿಗೆ ಮುಂಚೆ ಸಾಲ, ಸಾಲಕ್ಕೆ ಜೀತ. ಗುಲಾಮಗಿರಿಯಿಂದ ಓಡಿಬಂದವರ ಮಕ್ಕಳು ಬೇರೊಂದು ಹೆಸರಿನ ಗುಲಾಮಗಿರಿಗೆ ಬಿದ್ದರು. ಜೀತವನ್ನು ಕಾನೂನು 1976ರಲ್ಲಿ ರದ್ದುಪಡಿಸಿತು. ಅದೇ ವರ್ಷ ಟಿ.ಸಿ. ಪಾಲಾಕ್ಷಪ್ಪನವರು ಸಿದ್ದಿಯರ ಕುರಿತು ಬರೆದ ಪುಸ್ತಕ ಪ್ರಕಟವಾಯಿತು. ಕಾರವಾರ ಧರ್ಮಪ್ರಾಂತ್ಯ ಸ್ಥಾಪನೆಯಾದದ್ದೂ ಅದೇ ವರ್ಷ. 1984ರಲ್ಲಿ ಸಿಪ್ರಿಯನ್ ಹೆನ್ರಿ ಲೋಬೊ ಅವರು ಕರ್ನಾಟಕದ ಸಿದ್ದಿಯರ ಸ್ಥಿತಿಗತಿಗಳ ಬಗ್ಗೆ ವಿವರವಾದ ವರದಿ ಬರೆದರು. ಮೂರು ಮತಗಳ ಸಿದ್ದಿಯರೂ ಒಂದು ಸಂಘವಾಗಿ ಸೇರತೊಡಗಿದ್ದು ಆ ಕಾಲದಲ್ಲೇ.

ಆ ದಶಕದಲ್ಲಿ ಹೊರಗಿನವರ ಕಣ್ಣೂ ಅವರ ಮೇಲೆ ಬಿತ್ತು. ನೀನಾಸಂ ರಂಗಕರ್ಮಿಗಳು ಯಲ್ಲಾಪುರದ ಮಂಚೀಕೇರಿಯ ಸಿದ್ದಿಯರೊಡನೆ ಚಿನುವಾ ಅಚೆಬೆಯ ಆಫ್ರಿಕನ್ ಕಾದಂಬರಿಯೊಂದನ್ನು ಕನ್ನಡ ನಾಟಕವಾಗಿ ಆಡಿಸಿದರು; ಅಲ್ಲಿಂದ ರಂಗಭೂಮಿಗೂ ಸಂಗೀತಕ್ಕೂ ಹೋದ ಸಿದ್ದಿ ಕಲಾವಿದರಿದ್ದಾರೆ. ಮಾರ್ಗರೆಟ್ ಆಳ್ವ ಅವರು ಕೇಂದ್ರದಲ್ಲಿ ಕ್ರೀಡಾ ಸಚಿವರಾಗಿದ್ದಾಗ 1987ರಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಡುವ ಯೋಜನೆ ಆರಂಭಿಸಿತು. ಆಫ್ರಿಕದ ರಕ್ತವಿದ್ದರೆ ಪದಕ ಬಂದೇ ಬರುತ್ತದೆ ಎಂಬ ಎಣಿಕೆ ಅದರ ಹಿಂದಿತ್ತು. ಕೆಲವರು ರಾಷ್ಟ್ರಮಟ್ಟಕ್ಕೆ ಏರಿದರು. 1993ರಲ್ಲಿ ಯೋಜನೆ ನಿಂತುಹೋಯಿತು, ಮಕ್ಕಳು ಕೂಲಿಗೆ ಮರಳಿದರು. ಉಪಕಾರದ ಉದ್ದೇಶವಿದ್ದ ಯೋಜನೆಯೇ ಆದರೂ ಅದು ಆ ಮಕ್ಕಳ ಮೈಯನ್ನು ನೋಡಿತು, ಮನೆಯನ್ನು ನೋಡಲಿಲ್ಲ ಎನ್ನದೆ ವಿಧಿಯಿಲ್ಲ.

ಕೊನೆಯದು ಸರಕಾರದ ಪಟ್ಟಿ. ಗುಜರಾತಿನ ಸಿದ್ದಿಯರಿಗೆ ಬಹಳ ಹಿಂದೆಯೇ ದೊರೆತಿದ್ದ ಪರಿಶಿಷ್ಟ ಪಂಗಡದ ಮಾನ್ಯತೆ ಉತ್ತರ ಕನ್ನಡದವರಿಗೆ ದೊರೆತದ್ದು 2003ರಲ್ಲಿ. ಸಮುದ್ರದಾಚೆಯಿಂದ ಬಂದವರನ್ನು ಈ ನೆಲದ ಬುಡಕಟ್ಟೆನ್ನುವುದು ಹೇಗೆ ಎಂಬ ಆಕ್ಷೇಪಕ್ಕೆ ಅರ್ಥವಿಲ್ಲ. ತಾವಾಗಿ ಬಂದವರಲ್ಲ ಅವರು, ಮತ್ತು ಕಾಡಿನಲ್ಲಿ ಒಂದು ಬುಡಕಟ್ಟಾಗಿಯೇ ಬಾಳಿದವರು. ಪರಿಶಿಷ್ಟ ಜಾತಿಯ ಮಾನ್ಯತೆ ಹಿಂದೂ, ಸಿಖ್, ಬೌದ್ಧರಿಗೆ ಮಾತ್ರ ಸೀಮಿತ. ಕ್ರೈಸ್ತನಾದ ದಲಿತನಿಗೆ ಅದಿಲ್ಲ. ಪರಿಶಿಷ್ಟ ಪಂಗಡಕ್ಕೆ ಅಂಥ ಮತದ ಗೋಡೆಯಿಲ್ಲ. ಆದ್ದರಿಂದ ಜುಜೆ ಸಿದ್ದಿಗೂ ಗಣಪತಿ ಸಿದ್ದಿಗೂ ಹುಸೇನ್ ಸಿದ್ದಿಗೂ ಒಂದೇ ಪ್ರಮಾಣಪತ್ರ. ಮತದಿಂದ ಬೇರೆಯಾದವರು ತಮ್ಮ ಹೆಸರಿನ ಕೊನೆಗೆ ‘ಸಿದ್ದಿ’ ಎಂದು ಬರೆದುಕೊಳ್ಳುವುದಕ್ಕೆ ಶಾಲೆಯ ದಾಖಲೆ ಪುಸ್ತಕದಲ್ಲಿ ಈಗ ಬೆಲೆ ಬಂದಿದೆ. 2020ರಲ್ಲಿ ಯಲ್ಲಾಪುರ ತಾಲ್ಲೂಕಿನ ಶಾಂತಾರಾಮ ಸಿದ್ದಿ ಅವರು ವಿಧಾನ ಪರಿಷತ್ತಿಗೆ ನಾಮಕರಣಗೊಂಡು ರಾಜ್ಯದ ಶಾಸನಸಭೆಯನ್ನು ಪ್ರವೇಶಿಸಿದ ಮೊದಲ ಸಿದ್ದಿಯಾದರು.

ಆದರೆ 2003ರ ಪಟ್ಟಿ ಜಿಲ್ಲೆಯ ಗಡಿಗೆ ನಿಂತಿತ್ತು. ಹಳಿಯಾಳದ ಹುಡುಗಿಯೊಬ್ಬಳು ಪರಿಶಿಷ್ಟ ಪಂಗಡದವಳು. ಗಡಿಯಾಚೆ ಧಾರವಾಡ ಜಿಲ್ಲೆಯ ಹಳ್ಳಿಯಲ್ಲಿ ಹುಟ್ಟಿದ ಅವಳ ಚಿಕ್ಕಮ್ಮನ ಮಗಳು ಅಲ್ಲ. ಒಂದೇ ಅಜ್ಜಿಯ ಕವಂದಿಯಲ್ಲಿ ಮಲಗಿದ ಮಕ್ಕಳಿಗೆ ಎರಡು ಬಗೆಯ ಅರ್ಜಿ. ಧಾರವಾಡ ಮತ್ತು ಬೆಳಗಾವಿ ಜಿಲ್ಲೆಗಳ ಸಿದ್ದಿಯರನ್ನೂ ಸೇರಿಸಿ ಸಂಸತ್ತು ಆ ಪಟ್ಟಿಯನ್ನು ತಿದ್ದಿದ್ದು 2020ರಲ್ಲಿ, ಹದಿನೇಳು ವರ್ಷಗಳ ನಂತರ.